ತಾಳವಾಡಿ ಸೀಮೆಯ ಪಾತಿಯಲ್ಲಿ ಬಟಾಣಿ: ಬಿತ್ತಿದ ಕಾಳು ಹುಟ್ಟಬೇಕಾದರೆ

ಹಿತ್ತಲಿನ ಪಾತಿಯಲ್ಲಿ ಬಟಾಣಿ ಬಿತ್ತಿ, ಹತ್ತು ದಿನ ಕಾದು, ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಸಸಿ ಮಾತ್ರ ಕಂಡವರು ಸಾಮಾನ್ಯವಾಗಿ ಬೀಜ ಕೊಟ್ಟ ಅಂಗಡಿಯನ್ನು ದೂರುತ್ತಾರೆ. ಬೀಜ ಕೆಟ್ಟಿರುವುದೂ ಉಂಟು. ಆದರೆ ತಮಿಳುನಾಡಿನ ಈರೋಡು ಜಿಲ್ಲೆಯ ಗಡಿಸೀಮೆಯಾದ ತಾಳವಾಡಿ, ದೊಡ್ಡಗಾಜನೂರು, ತಲಮಲೆ ಕಡೆಯ ಮನೆತೋಟಗಳಲ್ಲಿ ಬಟಾಣಿ ಹುಟ್ಟದೆ ಹೋಗುವುದಕ್ಕೆ ಬಹಳಷ್ಟು ಸಲ ಕಾರಣವಾಗುವುದು ನೀರು. ಅದೂ ಸಾಲದೆ ಬಂದ ನೀರಲ್ಲ, ಮೇಲಿಂದ ಮೇಲೆ ಹಾಕಿದ ನೀರು. ಒಣಗಿದ ಬಟಾಣಿ ಕಾಳು ಮೊಳೆಯುವ ಮುನ್ನ ಹೆಚ್ಚುಕಡಿಮೆ ತನ್ನ ತೂಕದಷ್ಟೇ ನೀರನ್ನು ಹೀರಿಕೊಳ್ಳುತ್ತದೆ. ಹೀರಿಕೊಂಡ ಕ್ಷಣದಿಂದ ಅದು ಉಸಿರಾಡತೊಡಗುತ್ತದೆ, ಆ ಉಸಿರಿಗೆ ಬೇಕಾದ ಗಾಳಿ ಮಣ್ಣಿನ ಸಂದುಗಳಲ್ಲಿ ಇರಬೇಕು. ಸಂದುಗಳೆಲ್ಲ ನೀರಿನಿಂದ ತುಂಬಿಕೊಂಡಿದ್ದರೆ ಕಾಳು ಉಸಿರುಗಟ್ಟಿ, ಅದರೊಳಗಿನ ಸಕ್ಕರೆ ಹೊರಗೆ ಸೋರಿ, ಆ ಸಿಹಿಯನ್ನು ಹುಡುಕಿಕೊಂಡು ಪೈಥಿಯಂನಂತಹ ಕೊಳೆರೋಗದ ಶಿಲೀಂಧ್ರಗಳು ಬರುತ್ತವೆ. ಆದ್ದರಿಂದ ಬಟಾಣಿಗೆ ನೀರು ಕೊಡಬೇಕಾದದ್ದು ಬಿತ್ತುವುದಕ್ಕೆ ಮುಂಚೆ; ಬಿತ್ತಿದ ಮೇಲೆ ಸಸಿ ಕಾಣುವವರೆಗೆ ಕೈ ಬಿಗಿಹಿಡಿಯಬೇಕು. ಈ ಲೇಖನದ ಉಳಿದೆಲ್ಲ ಸೂಚನೆಗಳೂ ಈ ಒಂದು ಮಾತಿಗೆ ಹೊಂದಿಕೊಂಡಿವೆ.

ಕಾಲ

ಬಟಾಣಿ ಚಳಿಯ ಬೆಳೆ. ಮಣ್ಣಿನ ಉಷ್ಣತೆ 18ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದಾಗ ಕಾಳು ಸಲೀಸಾಗಿ ಮೊಳೆಯುತ್ತದೆ. ಅದಕ್ಕಿಂತ ತಂಪಾದರೆ ಮೊಳೆಯುವುದು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ; 10 ಡಿಗ್ರಿಯಲ್ಲಿಯೂ ಎರಡು ವಾರದಲ್ಲಿ ಸಸಿ ಬರುತ್ತದೆ. ಬಿಸಿಯ ಕಡೆಗೆ ಮಾತ್ರ ಅಷ್ಟು ಉದಾರತೆ ಇಲ್ಲ. 30 ಡಿಗ್ರಿ ದಾಟುತ್ತಿದ್ದಂತೆ ಮೊಳೆಯುವ ಪ್ರಮಾಣ ಇಳಿಯುತ್ತದೆ, 35ಕ್ಕೆ ಬಂದರೆ ಹುಟ್ಟುವ ಆಸೆಯನ್ನೇ ಬಿಡಬೇಕು. ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಬಂದರೆ ಸಿಗುವ ನಮ್ಮ ಸೀಮೆ ಕೆಳಗಿನ ಬಯಲಿಗಿಂತ ತಂಪಾಗಿರುವುದರಿಂದಲೇ ಇಲ್ಲಿ ಬಟಾಣಿಯ ಮಾತಾಡಲು ಸಾಧ್ಯ.

ನಮ್ಮಲ್ಲಿ ದೀಪಾವಳಿ ಕಳೆದ ಮೇಲೆ, ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೂರನೆಯ ವಾರದವರೆಗೆ ಬಿತ್ತುವುದು ಸರಿಯಾದ ಹೊತ್ತು. ಸೆಪ್ಟೆಂಬರಿನಲ್ಲಿ ಆತುರಪಟ್ಟು ಬಿತ್ತಿದರೆ ಬಿಸಿ ಮಣ್ಣು, ಜಡಿಮಳೆ ಎರಡೂ ಒಟ್ಟಿಗೆ ಎದುರಾಗುತ್ತವೆ. ಜೊತೆಗೆ ಮರಿಹುಳುಗಳು ಎಳೆ ಸಸಿಯ ಕಾಂಡವನ್ನು ಒಳಗಿಂದ ಕೊರೆದು ಕೊಲ್ಲುವ ಕಾಂಡನೊಣದ ಕಾಟವೂ ಮುಂಚಿತವಾಗಿ ಬಿತ್ತಿದ ಬೆಳೆಗೇ ಹೆಚ್ಚು. ಜನವರಿಯಲ್ಲಿ ಬಿತ್ತಿದರೆ ಕಾಳೇನೋ ಚೆನ್ನಾಗಿ ಹುಟ್ಟುತ್ತದೆ, ಆದರೆ ಹೂ ಬಿಡುವ ಹೊತ್ತಿಗೆ ಬಿಸಿಲೇರಿ ಹೂವು ಉದುರುತ್ತದೆ. ನವೆಂಬರಿನಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೂರು ನಾಲ್ಕು ದಿನ ಸೋನೆ ಹಿಡಿಯುವುದು ನಮಗೆ ಹೊಸದಲ್ಲ. ಅಂತಹ ಮುನ್ಸೂಚನೆ ಇದ್ದರೆ ಬಿತ್ತನೆಯನ್ನು ಒಂದು ವಾರ ಮುಂದೂಡುವುದರಿಂದ ಏನೂ ನಷ್ಟವಿಲ್ಲ.

ಗಡಿಯ ಬೇರೆ ಕಡೆಗಳಲ್ಲಿರುವ ಓದುಗರಿಗೆ ಎರಡು ಮಾತು. ಕಾಸರಗೋಡು, ಮಂಜೇಶ್ವರದ ಕರಾವಳಿಯಲ್ಲಿ ಡಿಸೆಂಬರಿನ ನೆರಳಿನಲ್ಲಿ ಬಟಾಣಿ ಮೊಳೆಯಬಹುದು, ಕಾಯಿ ಕಚ್ಚುವುದು ಅನುಮಾನ; ಅಲ್ಲಿ ಕುಡಿಯನ್ನು ಸೊಪ್ಪಾಗಿ ಕೊಯ್ದು ತಿನ್ನುವ ಉದ್ದೇಶಕ್ಕೆ ಬಿತ್ತಬಹುದು, ಕಾಯಿಗಾದರೆ ಅಲಸಂಡೆಯೇ ವಾಸಿ. ನೀಲಗಿರಿಯ ಎತ್ತರದಲ್ಲಿ ಲೆಕ್ಕ ತಿರುಗುಮುರುಗು, ಅಲ್ಲಿ ಡಿಸೆಂಬರ್-ಜನವರಿಯ ಇಬ್ಬನಿ ಹೆಪ್ಪುಗಟ್ಟಿ ಎಳೆ ಹೂವನ್ನು ಸುಡುತ್ತದೆ. ಅಕ್ಕಲಕೋಟೆ, ಜತ್ತದ ಎರೆ ಮಣ್ಣಿನವರು ಕೆಳಗೆ ಹೇಳುವ ಆಳಕ್ಕಿಂತ ಸ್ವಲ್ಪ ಮೇಲೆಯೇ ಬಿತ್ತಬೇಕು, ನೀರು ಹಾಯಿಸಿದ ಮೇಲೆ ಹೆಚ್ಚು ದಿನ ಕಾಯಬೇಕು.

ಬೀಜ ಮತ್ತು ಅದರ ಪರೀಕ್ಷೆ

ಅಡುಗೆಮನೆಯ ಡಬ್ಬಿಯಲ್ಲಿರುವ ಒಣ ಬಟಾಣಿಯನ್ನು ಬಿತ್ತಬಹುದೇ ಎಂದು ಕೇಳುವವರಿದ್ದಾರೆ. ಇಡೀ ಕಾಳಾಗಿದ್ದರೆ ಅದರಲ್ಲಿ ಒಂದಷ್ಟು ಮೊಳೆಯುವುದು ನಿಜ. ಆದರೆ ಅದು ಎಷ್ಟು ಹಳೆಯದು, ಯಾವ ತಳಿಯದು ಎಂಬುದು ತಿಳಿಯದು. ಹಸಿ ಕಾಳು ತಿನ್ನುವ ತರಕಾರಿ ಬಟಾಣಿಯೂ ಒಣಕಾಳಿಗಾಗಿ ಬೆಳೆಯುವ ಹೊಲದ ಬಟಾಣಿಯೂ ಬೇರೆ ಬೇರೆಯಾದ್ದರಿಂದ, ಹುಟ್ಟಿದರೂ ಬಯಸಿದ ಸಿಹಿ ಸಿಗುವುದಿಲ್ಲ. ಫ್ರೀಜರಿನ ಹಸಿರು ಬಟಾಣಿಯಂತೂ ಬಿಸಿನೀರಿನಲ್ಲಿ ಹದ ಬೇಯಿಸಿದ್ದು, ಅದರಲ್ಲಿ ಜೀವವೇ ಇಲ್ಲ.

ಬಿತ್ತನೆ ಬೀಜವನ್ನೇ ಕೊಳ್ಳಿ. ಅರ್ಕೆಲ್ ಗಿಡ್ಡ ಜಾತಿ, ಬೇಗ ಕಾಯಿ ಕೊಡುತ್ತದೆ. ಬಾನ್‌ವಿಲ್ ಎತ್ತರಕ್ಕೆ ಹಬ್ಬುತ್ತದೆ, ಕಾಯಿಯೂ ತಡ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಅಜಿತ್ ಬೂದಿರೋಗ ಮತ್ತು ತುಕ್ಕುರೋಗವನ್ನು ತಡೆದುಕೊಳ್ಳುತ್ತದೆ. ಚಳಿಗಾಲದ ಇಬ್ಬನಿಗೆ ಬೂದಿರೋಗ ಬರುವ ನಮ್ಮಂಥ ಕಡೆಗೆ ನನ್ನ ಆಯ್ಕೆ ಅದೇ. ಚೀಲದ ಮೇಲಿನ ಚೀಟಿಯನ್ನು ಓದುವ ಅಭ್ಯಾಸ ಒಳ್ಳೆಯದು. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ, ತಯಾರಕರೇ ತಮ್ಮ ಹೊಣೆಯಲ್ಲಿ ಮಾರುವ ಬೀಜಕ್ಕೆ ತಿಳಿಹಸಿರು ಚೀಟಿ. ಎರಡರಲ್ಲೂ ಪರೀಕ್ಷೆಯ ದಿನಾಂಕ, ಬಳಕೆಯ ಅವಧಿ, ಮೊಳಕೆಯ ಶೇಕಡಾವಾರು ನಮೂದಾಗಿರಬೇಕು. ಬಟಾಣಿಗೆ ನಿಗದಿಯಾದ ಕನಿಷ್ಠ ಮೊಳಕೆ ಪ್ರಮಾಣ ಶೇಕಡ 75.

ತರಕಾರಿ ಬಟಾಣಿಯ ಕಾಳು ಹೆಚ್ಚಾಗಿ ಸುಕ್ಕುಸುಕ್ಕಾಗಿರುವುದನ್ನು ಕಂಡು ಬೀಜ ಹಳತೆಂದು ತಿಳಿಯಬೇಡಿ. ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಅನುವಂಶೀಯತೆಯ ಪ್ರಬಂಧದಲ್ಲಿ ಲೆಕ್ಕ ಹಾಕಿದ್ದು ಇದೇ ದುಂಡು ಕಾಳು, ಸುಕ್ಕು ಕಾಳುಗಳ ಭೇದವನ್ನು. ಸುಕ್ಕು ಕಾಳಿನಲ್ಲಿ ಪಿಷ್ಟ ಕಡಿಮೆ, ಸಕ್ಕರೆ ಹೆಚ್ಚು. ಎಳೆಯದರಲ್ಲಿ ನೀರು ತುಂಬಿಕೊಂಡಿದ್ದು ಒಣಗಿದಾಗ ಮುದುಡುತ್ತದೆ. ಬಾಯಿಗೆ ಸಿಹಿಯಾಗಿರುವ ಆ ಸಕ್ಕರೆಯೇ ಮಣ್ಣಿನಲ್ಲಿ ಶಿಲೀಂಧ್ರವನ್ನು ಕರೆಯುವುದರಿಂದ, ದುಂಡು ಕಾಳಿಗಿಂತ ಸುಕ್ಕು ಕಾಳು ಹಸಿ ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ.

ಬಿತ್ತುವುದಕ್ಕೆ ಹತ್ತು ದಿನ ಮುಂಚೆ ಮನೆಯಲ್ಲೇ ಮೊಳಕೆ ಪರೀಕ್ಷೆ ಮಾಡಿಕೊಳ್ಳುವುದು ಸುಲಭ. ತೂತು ಬಿದ್ದ, ಸಿಪ್ಪೆ ಒಡೆದ ಕಾಳುಗಳನ್ನು ಆರಿಸಿ ತೆಗೆಯದೆ, ಚೀಲದಿಂದ ಬಂದಂತೆ 50 ಕಾಳು ಎಣಿಸಿಕೊಳ್ಳಿ. ಹತ್ತಿಯ ಟವೆಲ್ಲೊಂದನ್ನು ನೀರಿನಲ್ಲಿ ಅದ್ದಿ, ಇನ್ನು ಹನಿ ಬೀಳದು ಎನ್ನುವಷ್ಟು ಹಿಂಡಿ, ಅದರ ಮೇಲೆ ಕಾಳುಗಳನ್ನು ಒಂದಕ್ಕೊಂದು ತಾಗದಂತೆ ಹರಡಿ, ಸಡಿಲವಾಗಿ ಸುತ್ತಿ, ನೆರಳಿನಲ್ಲಿ ತಟ್ಟೆಯೊಳಗೆ ಓರೆಯಾಗಿ ನಿಲ್ಲಿಸಿ. ಬಟ್ಟೆ ಒಣಗುವಂತಾದರೆ ಕೈಯಿಂದ ನೀರು ಚಿಮುಕಿಸಿದರೆ ಸಾಕು. ಐದನೆಯ ದಿನ ಒಮ್ಮೆ, ಎಂಟನೆಯ ದಿನ ಕೊನೆಯದಾಗಿ ಎಣಿಸಿ. ಬೇರೂ ಕುಡಿಯೂ ಎರಡೂ ನೆಟ್ಟಗಿರುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಬೇರಿನ ತುದಿ ಕಂದಾದದ್ದು, ಕುಡಿಯಿಲ್ಲದೆ ಬರೀ ಬೇರು ಬಿಟ್ಟದ್ದು ಹೊಲದಲ್ಲಿ ಮೇಲೆ ಬರುವುದಿಲ್ಲ. ಐವತ್ತರಲ್ಲಿ 38 ಅಥವಾ ಹೆಚ್ಚು ಬಂದರೆ ನಿಶ್ಚಿಂತೆಯಿಂದ ಬಿತ್ತಬಹುದು. 25ರಿಂದ 37 ಬಂದರೆ ಆ ಕೊರತೆಗೆ ತಕ್ಕಂತೆ ಒತ್ತಾಗಿ ಬಿತ್ತಬೇಕು. ಅದಕ್ಕೂ ಕಡಿಮೆಯಾದರೆ ಬೇರೆ ಬೀಜ ತರುವುದೇ ಮೇಲು. ಬಟಾಣಿ ಬೀಜ ತಂಪಾದ ಒಣ ಜಾಗದಲ್ಲಿ ಮೂರು ವರ್ಷದವರೆಗೆ ಜೀವ ಹಿಡಿದಿರುತ್ತದೆ. ಹಂಚಿನ ಕೆಳಗೆ ಅಟ್ಟದ ಮೇಲಿಟ್ಟ ಚೀಲದ ಕಾಳಿಗೆ ಆ ಲೆಕ್ಕ ಅನ್ವಯಿಸದು.

ಪಾತಿ

ಹಿಂದಿನ ವರ್ಷ ಬಟಾಣಿ ಇದ್ದ ಜಾಗವನ್ನು ಬಿಟ್ಟು ಬೇರೆ ಜಾಗ ಆರಿಸಿ. ನೀರು ನಿಲ್ಲುವ ತಗ್ಗು ಬೇಡವೇ ಬೇಡ. ಒಂದು ಮೀಟರ್ ಅಗಲ, ಹದಿನೈದು ಸೆಂಟಿಮೀಟರ್ ಎತ್ತರದ ಏರುಮಡಿ ಕಟ್ಟಿದರೆ ಸೋನೆಮಳೆಯ ನೀರು ಪಕ್ಕದ ಕಾಲುವೆಗೆ ಇಳಿದುಹೋಗುತ್ತದೆ. ಚದರ ಮೀಟರಿಗೆ ಎರಡು ಕೆ.ಜಿ.ಯಂತೆ ಕೊಟ್ಟಿಗೆ ಗೊಬ್ಬರ ಸಾಕು, ಆದರೆ ಅದು ಪೂರ್ತಿ ಕೊಳೆತು ಮಣ್ಣಿನ ವಾಸನೆ ಬರುವಂಥದ್ದಾಗಿರಬೇಕು, ಬಿತ್ತುವುದಕ್ಕೆ ಎರಡು ವಾರ ಮುಂಚೆಯೇ ಮಣ್ಣಿನಲ್ಲಿ ಬೆರೆತಿರಬೇಕು. ಹಸಿ ಸಗಣಿ ಹಾಕಿದ ಪಾತಿಯಲ್ಲಿ ಮಣ್ಣು ಬಿಸಿಯೇರುತ್ತದೆ, ಕಾಳಿಗೆ ಹುಳುವೂ ಬೀಳುತ್ತದೆ. ಯೂರಿಯಾ, ಡಿಎಪಿಯಂತಹ ರಸಗೊಬ್ಬರಗಳ ಉಪ್ಪಿನಂಶ ಮೊಳಕೆಯ ಬೇರನ್ನು ಸುಡುವುದರಿಂದ ಅವನ್ನು ಕಾಳಿನ ಸಾಲಿನಲ್ಲಿ ಹಾಕಬಾರದು. ಕೊಡಲೇಬೇಕೆಂದಿದ್ದರೆ ಸಾಲಿನಿಂದ ಮೂರು ಬೆರಳು ದೂರದಲ್ಲಿ ಬೇರೆ ಗೀರು ಎಳೆದು ಮುಚ್ಚಬೇಕು.

ಹೆಂಟೆಗಳನ್ನು ಗೋಲಿಗಿಂತ ದೊಡ್ಡದಿರದಂತೆ ಒಡೆಯಿರಿ. ಕಾಳಿನ ಸುತ್ತ ಮಣ್ಣು ಅಂಟಿಕೊಂಡಿದ್ದರೆ ಮಾತ್ರ ಅದು ತೇವವನ್ನು ಎಳೆದುಕೊಳ್ಳಬಲ್ಲದು. ಆದರೆ ಮಣ್ಣನ್ನು ಹಿಟ್ಟಿನಂತೆ ನುಣ್ಣಗೂ ಮಾಡಬಾರದು. ನಮ್ಮ ಕೆಂಪು ಮಣ್ಣು ಅಷ್ಟು ನುಣುಪಾದರೆ ಒಂದು ಮಳೆ ಬಿದ್ದು ಬಿಸಿಲು ಬಂದ ಕೂಡಲೇ ಮೇಲೆ ಗಟ್ಟಿ ಹಕ್ಕಳೆ ಕಟ್ಟುತ್ತದೆ.

ಈಗ ನೀರಿನ ಕೆಲಸ. ಮಡಿ ಸಿದ್ಧವಾದ ಮೇಲೆ ಒಂದು ಗೇಣು ಆಳದವರೆಗೆ ತೇವ ಇಳಿಯುವಂತೆ ಧಾರಾಳವಾಗಿ ನೀರು ಕೊಡಿ. ಕೆಂಪು ಮಣ್ಣಾದರೆ ಎರಡು ದಿನ, ಎರೆ ಮಣ್ಣಾದರೆ ನಾಲ್ಕೈದು ದಿನ ಸುಮ್ಮನೆ ಬಿಡಿ. ಆಮೇಲೆ ಬೆರಳುದ್ದ ಕೆಳಗಿನ ಮಣ್ಣನ್ನು ಹಿಡಿಯಷ್ಟು ತೆಗೆದು ಅಂಗೈಯಲ್ಲಿ ಹಿಂಡಿ ನೋಡಿ. ಉಂಡೆಯಾಗಿ ನಿಲ್ಲಬೇಕು, ಸೊಂಟದೆತ್ತರದಿಂದ ಕೈಬಿಟ್ಟರೆ ನೆಲಕ್ಕೆ ಬಿದ್ದು ಒಡೆಯಬೇಕು: ಇದೇ ಬಿತ್ತನೆಯ ಹದ. ಅಂಗೈ ಒದ್ದೆಯಾಗಿ ಹೊಳೆದರೆ ಇನ್ನೊಂದು ದಿನ ಕಾಯಿರಿ. ಉಂಡೆಯೇ ಕಟ್ಟದೆ ಉದುರಿದರೆ ಮತ್ತೊಮ್ಮೆ ನೀರು ಕೊಟ್ಟು ಮತ್ತೆ ಹದಕ್ಕೆ ಕಾಯಬೇಕು.

ನೆನೆಸಬೇಕೆ?

ಹದವಾದ ಮಣ್ಣಿಗೆ ಒಣ ಕಾಳನ್ನೇ ಬಿತ್ತುವುದು ಸುರಕ್ಷಿತ ಎಂಬುದು ನನ್ನ ಖಚಿತ ಅಭಿಪ್ರಾಯ. ನೆನೆಸಿದರೆ ಒಂದೆರಡು ದಿನ ಬೇಗ ಹುಟ್ಟುತ್ತದೆ, ಅಷ್ಟೇ. ನೆನೆಸುವುದೇ ಆದರೆ ಬೆಳಗ್ಗೆ ಹಾಕಿ ಸಂಜೆಗೆ ತೆಗೆಯುವಂತೆ ಆರರಿಂದ ಎಂಟು ಗಂಟೆ ಮಾತ್ರ ಇಡಿ. ಫ್ರಿಜ್ಜಿನ ತಣ್ಣೀರು ಬೇಡ. ಒಣ ಕಾಳು ತಣ್ಣೀರನ್ನು ಒಮ್ಮೆಲೆ ಹೀರಿದಾಗ ಒಳಗಿನ ಜೀವಕೋಶಗಳ ಪೊರೆ ಹರಿಯುತ್ತದೆ, ಸಿಪ್ಪೆ ಸೀಳಿದ ಕಾಳಿಗೆ ಈ ಪೆಟ್ಟು ಇನ್ನೂ ಹೆಚ್ಚು. ರಾತ್ರಿ ನೆನೆಹಾಕಿ ಮರುದಿನ ಮಧ್ಯಾಹ್ನ ನೆನಪಾಗಿ ತೆಗೆಯುವ ಹೊತ್ತಿಗೆ ನೀರು ನೊರೆ ಬಂದು ಹುಳಿ ವಾಸನೆ ಬಡಿಯುತ್ತಿರುತ್ತದೆ. ಆ ಕಾಳನ್ನು ಬಿತ್ತಿ ಪ್ರಯೋಜನವಿಲ್ಲ. ಹೆಸರುಕಾಳಿನಂತೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಬಿತ್ತುವವರು ಬೇರಿನ ಬಿಳಿ ತುದಿ ಇಣುಕಿದ ಕೂಡಲೇ ಬಿತ್ತಬೇಕು, ಉದ್ದಕ್ಕೆ ಬಿಟ್ಟರೆ ಬಿತ್ತುವಾಗ ಬೇರು ಮುರಿಯುತ್ತದೆ.

ಕೊಳೆರೋಗ ತಡೆಯಲು ಕೆ.ಜಿ. ಬೀಜಕ್ಕೆ ನಾಲ್ಕು ಗ್ರಾಂ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿಯನ್ನು ಲೇಪಿಸಬಹುದು. ಬಟಾಣಿ ಎಂದೂ ಬೆಳೆಯದ ಜಾಗವಾದರೆ, ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಂ ಬ್ಯಾಕ್ಟೀರಿಯಾದ ಲೇಪನವೂ ಬೇಕು, ಏಕೆಂದರೆ ಅವರೆ, ಅಲಸಂದೆಗಳ ಬೇರಿನಲ್ಲಿ ಗಂಟು ಕಟ್ಟುವ ಬ್ಯಾಕ್ಟೀರಿಯಾ ಬಟಾಣಿಯ ಬೇರಿಗೆ ಒಗ್ಗುವುದಿಲ್ಲ. ಪೊಟ್ಟಣ ಕೇಳುವಾಗ ಬಟಾಣಿಯದು ಎಂದೇ ಕೇಳಬೇಕು. ಇದು ಮೊಳಕೆಗೆ ನೇರವಾಗಿ ಸಂಬಂಧಿಸಿದ್ದಲ್ಲ, ಆದರೆ ಕೊಡುವ ಹೊತ್ತು ಇದೇ. ಆರಿದ ಗಂಜಿಯಲ್ಲಿ ಪುಡಿ ಕಲಸಿ, ಕಾಳಿಗೆ ಸವರಿ, ನೆರಳಿನಲ್ಲಿ ಅರ್ಧ ಗಂಟೆ ಆರಿಸಿ, ಅದೇ ದಿನ ಬಿತ್ತಿ. ಅಂಗಡಿಯ ಬೀಜ ಗುಲಾಬಿ ಬಣ್ಣಕ್ಕಿದ್ದರೆ ಅದಕ್ಕೆ ಥೈರಾಮ್‌ನಂತಹ ಔಷಧಿ ಮೊದಲೇ ಲೇಪಿಸಿರುತ್ತಾರೆ. ಅದನ್ನು ಮುಟ್ಟುವಾಗ ಕೈಗವಸಿರಲಿ, ಮಿಕ್ಕಿದ್ದನ್ನು ತಿನ್ನುವುದಾಗಲಿ ಕೋಳಿಗೆ ಹಾಕುವುದಾಗಲಿ ಕೂಡದು. ಅಂಥ ಬೀಜಕ್ಕೆ ರೈಜೋಬಿಯಂ ಸವರಿದರೆ ಔಷಧಿ ಅದನ್ನೂ ಕೊಲ್ಲುವುದರಿಂದ, ಪುಡಿಯನ್ನು ಗೊಬ್ಬರದಲ್ಲಿ ಬೆರೆಸಿ ಸಾಲಿಗೆ ಉದುರಿಸುವುದು ಸರಿ.

ಬಿತ್ತನೆ

ಹಬ್ಬುವ ತಳಿಯಾದರೆ ಊರುಗೋಲುಗಳನ್ನು ಮೊದಲೇ ನೆಡಿ. ಸಸಿ ಬಂದ ಮೇಲೆ ನೆಟ್ಟರೆ ಬೇರಿಗೆ ಪೆಟ್ಟು. ತೊಗರಿ ಕಡ್ಡಿ, ಒಣಗಿದ ಲಾಂಟಾನ ಕಡ್ಡಿ ಧಾರಾಳ. ಮಡಿಯ ಮೇಲೆ 45 ಸೆಂಟಿಮೀಟರ್ ಅಂತರಕ್ಕೊಂದು ಗೀರು ಎಳೆದು, ಅದರಲ್ಲಿ ಐದರಿಂದ ಏಳು ಸೆಂಟಿಮೀಟರಿಗೊಂದು ಕಾಳು ಇಡಿ. ಹೆಕ್ಟೇರಿಗೆ 100 ಕೆ.ಜಿ. ಲೆಕ್ಕದಲ್ಲಿ ಒಂದು ಸೆಂಟು ಜಾಗಕ್ಕೆ ಸುಮಾರು 400 ಗ್ರಾಂ ಬೀಜ ಬೇಕಾಗುತ್ತದೆ. ಆಳ ಮೂರರಿಂದ ನಾಲ್ಕು ಸೆಂಟಿಮೀಟರ್, ಅಂದರೆ ತೋರುಬೆರಳಿನ ಒಂದೂವರೆ ಗೆಣ್ಣು. ಮರಳು ಹೆಚ್ಚಿರುವ, ಬೇಗ ಒಣಗುವ ಮಣ್ಣಿನಲ್ಲಿ ಎರಡು ಗೆಣ್ಣು. ಇಷ್ಟು ಆಳ ಬಟಾಣಿಗೆ ಭಾರವಲ್ಲ. ಅವರೆ, ಅಲಸಂದೆಗಳು ತಮ್ಮ ಬೇಳೆಗಳನ್ನು ಮಣ್ಣಿನಿಂದ ಮೇಲಕ್ಕೆ ಎತ್ತಿಕೊಂಡೇ ಹುಟ್ಟುತ್ತವೆ, ಬಟಾಣಿಯಾದರೋ ಕಡಲೆ, ತೊಗರಿಗಳಂತೆ ಬೇಳೆಯನ್ನು ನೆಲದೊಳಗೇ ಬಿಟ್ಟು ಕುಡಿಯನ್ನಷ್ಟೇ ಮೇಲೆ ಕಳಿಸುತ್ತದೆ. ಹಾಗಾಗಿ ಹಕ್ಕಿ ಒಮ್ಮೆ ಕುಡಿ ಚಿವುಟಿದರೂ ನೆಲದೊಳಗಿನ ಗೆಣ್ಣಿನಿಂದ ಮತ್ತೊಂದು ಕುಡಿ ಒಡೆಯುವುದುಂಟು.

ಕಾಳಿನ ಕಣ್ಣು ಕೆಳಗಿರಬೇಕೆ, ಮೇಲಿರಬೇಕೆ ಎಂದು ಕೂತು ಜೋಡಿಸುವ ಅಗತ್ಯವಿಲ್ಲ. ಹೇಗೆ ಬಿದ್ದರೂ ಬೇರು ಕೆಳಮುಖವಾಗಿ ತಿರುಗಿಕೊಳ್ಳುತ್ತದೆ. ಗೀರು ಮುಚ್ಚಿದ ಮೇಲೆ ಅಂಗೈಯಿಂದ ಮೃದುವಾಗಿ ಒತ್ತಿ, ಮೇಲೆ ರಾಗಿ ಹುಲ್ಲನ್ನು ನೆಲ ಅರೆಬರೆ ಕಾಣುವಷ್ಟು ತೆಳುವಾಗಿ ಹರಡಿ. ಅಲ್ಲಿಗೆ ನೀರಿನ ಕೊಳವೆಯನ್ನು ಸುತ್ತಿ ಒಳಗಿಡಿ.

ಕಾಯುವ ದಿನಗಳು

ನವೆಂಬರಿನ ಹವೆಯಲ್ಲಿ ಎರಡನೆಯ ದಿನಕ್ಕೆ ಕಾಳು ಉಬ್ಬಿ ಸುಕ್ಕು ಬಿಡಿಸಿಕೊಂಡಿರುತ್ತದೆ. ಮೂರು ನಾಲ್ಕನೆಯ ದಿನ ಕಣ್ಣಿನ ಪಕ್ಕದಿಂದ ಬಿಳಿ ಬೇರು ಹೊರಟು ನೇರ ಕೆಳಗಿಳಿಯುತ್ತದೆ. ಆಮೇಲೆ ಕುಡಿ ಹೊರಡುವಾಗ ತಲೆ ಬಾಗಿಸಿ ಕೊಕ್ಕೆಯಾಕಾರದಲ್ಲಿ ಬರುತ್ತದೆ. ಮಣ್ಣನ್ನು ದೂಡುವುದು ಆ ಬಾಗಿದ ಬೆನ್ನು, ಎಳೆ ಎಲೆಗಳು ಅದರ ಮರೆಯಲ್ಲಿ ಸುರಕ್ಷಿತ. ಏಳರಿಂದ ಹತ್ತು ದಿನದೊಳಗೆ ಸಾಲಿನಲ್ಲಿ ಮಣ್ಣು ಸಣ್ಣಗೆ ಬಿರಿದು ಹಸಿರು ಕಾಣಬೇಕು.

ಈ ನಡುವೆ ಮೇಲ್ಮಣ್ಣು ಒಣಗಿದಂತೆ ಕಂಡರೆ ಗಾಬರಿಯಾಗದೆ ಸಾಲಿನ ಪಕ್ಕದಲ್ಲಿ ಬೆರಳು ಊರಿ ನೋಡಿ. ಕಾಳಿನ ಮಟ್ಟದಲ್ಲಿ ತಂಪಿದ್ದರೆ ನೀರು ಬೇಡ. ನಿಜಕ್ಕೂ ಒಣಗಿದ್ದರೆ ಸಾಲಿನ ಮೇಲೆ ಸುರಿಯದೆ, ಎರಡು ಸಾಲುಗಳ ನಡುವೆ ತೆಳುವಾಗಿ ಹಾಯಿಸಿ. ಮಳೆ ಬಂದು ಹಕ್ಕಳೆ ಕಟ್ಟಿದ್ದರೆ ಸಂಜೆ ಪೂವಾಳಿಯಿಂದ (ಮೂತಿಯಲ್ಲಿ ಸಣ್ಣ ತೂತುಗಳಿರುವ ನೀರಿನ ಡಬ್ಬಿ) ಹಗುರವಾಗಿ ನೀರು ಚಿಮುಕಿಸಿ, ಬೆರಳಿನಿಂದಲೇ ಮೇಲ್ಪದರವನ್ನು ಸಡಿಲಿಸಬೇಕು. ಕಳೆಗುದ್ದಲಿ ಹಾಕಿದರೆ ಕೊಕ್ಕೆಯ ಕುತ್ತಿಗೆ ತುಂಡಾಗುತ್ತದೆ.

ಹಗಲಿಗೆ ನವಿಲು, ಗೊರವಂಕ, ಅಳಿಲು. ರಾತ್ರಿಗೆ ಇಲಿ, ಹೆಗ್ಗಣ. ಬಿತ್ತಿದ ದಿನವೇ ಸೊಳ್ಳೆಪರದೆಯ ಹಳೆಯ ಬಟ್ಟೆಯನ್ನೋ ಹಕ್ಕಿಬಲೆಯನ್ನೋ ಗೇಣೆತ್ತರಕ್ಕೆ ಕಟ್ಟಿ ಅಂಚನ್ನು ಮಣ್ಣಿನಲ್ಲಿ ಹೂತರೆ ಇವುಗಳಲ್ಲಿ ಹೆಚ್ಚಿನವು ದೂರ ಉಳಿಯುತ್ತವೆ. ಕಾಡಂಚಿನ ಮನೆಗಳಿಗೆ ಬರುವ ಹಂದಿಗೂ ಆನೆಗೂ ಇದರಿಂದ ಏನೂ ಆಗದು, ಅದು ಬೇರೆಯೇ ಹೋರಾಟ.

ಹುಟ್ಟದಿದ್ದರೆ ಅಗೆದು ನೋಡಿ

ಹನ್ನೆರಡು ದಿನವಾದರೂ ಸಾಲು ಖಾಲಿ ಉಳಿದರೆ ಮತ್ತೆ ಅದೇ ಜಾಗಕ್ಕೆ ಬೀಜ ಸುರಿಯುವ ಮುನ್ನ ಒಂದು ಅಡಿ ಉದ್ದಕ್ಕೆ ಮಣ್ಣನ್ನು ಕೈಯಿಂದಲೇ ಸರಿಸಿ ನೋಡಬೇಕು. ಕಾಳು ಬಿತ್ತಿದಾಗ ಇದ್ದಂತೆಯೇ ಗಟ್ಟಿಯಾಗಿದ್ದರೆ ತೇವ ಸಾಲದು, ನಡುಸಾಲಿನಲ್ಲಿ ನೀರು ಕೊಟ್ಟರೆ ಇನ್ನೂ ಹುಟ್ಟೀತು. ಉಬ್ಬಿದ ಕಾಳು ಒತ್ತಿದರೆ ಮುದ್ದೆಯಾಗಿ ಜಾರಿ ದುರ್ವಾಸನೆ ಬಂದರೆ ಅದು ಕೊಳೆತ. ಮಡಿ ಎತ್ತರಿಸದೆ, ಬೀಜೋಪಚಾರ ಮಾಡದೆ ಅಲ್ಲಿ ಮರುಬಿತ್ತನೆ ವ್ಯರ್ಥ. ಬೇರು ಚೆನ್ನಾಗಿ ಇಳಿದು ಕುಡಿ ಮಾತ್ರ ಮೇಲ್ಪದರದ ಕೆಳಗೆ ಅಡ್ಡಡ್ಡ ಸುರುಳಿ ಸುತ್ತಿ ಬಿಳಿಚಿಕೊಂಡಿದ್ದರೆ ಹಕ್ಕಳೆಯ ದೋಷ, ಅದನ್ನು ಆ ಸಂಜೆಯೇ ಒಡೆದರೆ ಬಹಳಷ್ಟು ಸಸಿ ಉಳಿಯುತ್ತವೆ. ಕಾಳಿನ ಬದಲು ಬರೀ ಸಿಪ್ಪೆ, ಪಕ್ಕದಲ್ಲಿ ತೋಡಿದ ಗುಳಿ ಕಂಡರೆ ಇಲಿಯ ಕೆಲಸ. ಕುಡಿ ಮೇಲೆ ಬಂದು ನೆಲಮಟ್ಟದಲ್ಲಿ ಕತ್ತರಿಸಿದಂತೆ ಬಿದ್ದಿದ್ದರೆ ಬುಡದ ಮಣ್ಣನ್ನು ಕೆದಕಿ ನೋಡಿ, ಬೂದುಬಣ್ಣದ ಕತ್ತರಿ ಹುಳು ಸುರುಳಿ ಸುತ್ತಿಕೊಂಡು ಹಗಲು ಅಲ್ಲೇ ಮಲಗಿರುತ್ತದೆ. ಹೆಕ್ಕಿ ಕೊಲ್ಲುವುದೇ ಸಣ್ಣ ಪಾತಿಗೆ ಸಾಕಾದ ಉಪಾಯ.

ಖಾಲಿ ಜಾಗ ತುಂಬಲು, ಬಿತ್ತಿದ ದಿನವೇ ಹತ್ತಿಪ್ಪತ್ತು ಕಾಳುಗಳನ್ನು ಕಾಗದದ ಲೋಟಗಳಲ್ಲಿ ಹಾಕಿಟ್ಟುಕೊಳ್ಳುವುದು ಜಾಣತನ. ಬಟಾಣಿಯ ತಾಯಿಬೇರು ಕದಲಿಸಿದರೆ ಮುನಿಯುವುದರಿಂದ, ಲೋಟದ ತಳ ಹರಿದು ಮಣ್ಣಿನ ಹೆಂಟೆಯ ಸಮೇತ ಇಳಿಸಬೇಕು.

ಹುಟ್ಟಿದ ಮೇಲೆ

ಸಾಲಿನ ಬಹುಪಾಲು ಹಸಿರಾದ ಸಂಜೆ ಹುಲ್ಲನ್ನು ಸಾಲಿನಿಂದ ಸರಿಸಿ ನಡುವೆ ಹಾಕಿ. ಮೊದಲ ನೀರನ್ನು ಸಸಿಗೆ ಎರಡು ಜೊತೆ ಎಲೆ ಬಂದ ಮೇಲೆ ಕೊಡಿ, ಅಲ್ಲಿಂದ ಮುಂದೆ ಮಣ್ಣು ನೋಡಿಕೊಂಡು ಎಂಟರಿಂದ ಹತ್ತು ದಿನಕ್ಕೊಮ್ಮೆ. ಸಸಿ ಗೇಣುದ್ದ ಬಂದು ತುದಿಯ ಬಳ್ಳಿಕೈ ಗಾಳಿಯಲ್ಲಿ ತಡಕಾಡತೊಡಗಿದಾಗ ಬಲೆ ತೆಗೆದು, ಬುಡಕ್ಕೆ ಎರಡು ಬೆರಳಿನಷ್ಟು ಮಣ್ಣು ಏರಿಸಿ, ಕುಡಿಯನ್ನು ಹತ್ತಿರದ ಕಡ್ಡಿಗೆ ಒರಗಿಸಬೇಕು.